ಹಳೆಯ ಕ್ಯಾಮ್ರಿ ಹೈಬ್ರಿಡ್‌ನಲ್ಲಿ ಕೆಂಪು ತ್ರಿಕೋನ ಹೊತ್ತಿಕೊಂಡರೆ: ಎಲ್ಲಿಂದ ಹುಡುಕಬೇಕು, ಎಷ್ಟು ಖರ್ಚು

ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರೂ ಇರುವ ಈ ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ ಎರಡು. ಹಿಂದಿನ ಸೀಟಿನ ಬೆನ್ನಿಗೆ ಅಂಟಿಕೊಂಡಿರುವುದು 244.8 ವೋಲ್ಟ್‌ನ ದೊಡ್ಡ ಬ್ಯಾಟರಿ. ಡಿಕ್ಕಿಯ ಮೂಲೆಯಲ್ಲಿ ಕೂತಿರುವುದು 12 ವೋಲ್ಟ್‌ನ ಚಿಕ್ಕದು. ಚಿಕ್ಕದು ಸೊರಗಿದಾಗಲೂ ಡ್ಯಾಶ್‌ಬೋರ್ಡ್‌ನಲ್ಲಿ ಅದೇ ಕೆಂಪು ತ್ರಿಕೋನ, ಅದೇ 'ಚೆಕ್ ಹೈಬ್ರಿಡ್ ಸಿಸ್ಟಂ' ಬರಬಹುದು. ಗ್ಯಾರೇಜಿನವರು 'ಬ್ಯಾಟರಿ ಹೋಗಿದೆ ಸಾರ್' ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ 'ಯಾವ ಬ್ಯಾಟರಿ?' ಎಂಬುದು. ಒಂದರ ಬೆಲೆ ಸಾವಿರಗಳಲ್ಲಿ, ಇನ್ನೊಂದರದು ಲಕ್ಷಗಳಲ್ಲಿ.

ನಮ್ಮ ಚಿಕ್ಕಪ್ಪ ಈ ಪ್ರಶ್ನೆ ಕೇಳಲಿಲ್ಲ. ಎರಡು ತಿಂಗಳು ಊರಿನಲ್ಲಿದ್ದು ಬಂದವರು ಕಾರು ಸ್ಟಾರ್ಟ್ ಮಾಡಲು ಹೋದರೆ ಪರದೆ ತುಂಬ ಎಚ್ಚರಿಕೆಗಳು. ಟೋ ಮಾಡಿಸಿಕೊಂಡು ಹೋದ ಗ್ಯಾರೇಜಿನಲ್ಲಿ ದೊಡ್ಡ ಬ್ಯಾಟರಿಗೇ ಮುಂಗಡ ಕೇಳಿದರು. ಹಣ ಕೊಡುವ ಮುನ್ನ ನನಗೊಂದು ಫೋನ್ ಬಂತು, ನಾನೊಂದು ಮಲ್ಟಿಮೀಟರ್ ಹಿಡಿದು ಹೋದೆ. ಚಿಕ್ಕ ಬ್ಯಾಟರಿ 9 ವೋಲ್ಟ್ ತೋರಿಸಿತು. ಅದನ್ನು ಬದಲಿಸಿದ ಮೇಲೆ ಆ ಕಾರು ಮತ್ತೆರಡು ವರ್ಷ ಯಾವ ತಕರಾರೂ ಇಲ್ಲದೆ ಓಡಿತು. ಅಂದಿನಿಂದ ಪರಿಚಯದವರು ಹಳೆಯ ಹೈಬ್ರಿಡ್ ಕೊಳ್ಳುವಾಗಲೆಲ್ಲ ಜೊತೆಗೆ ಹೋಗುತ್ತಿದ್ದೇನೆ. ಹುಡುಕುವ ಕ್ರಮ ಎಂದಿಗೂ ಅಗ್ಗದ ಕಾರಣದಿಂದ ದುಬಾರಿ ಕಾರಣದ ಕಡೆಗೆ ಇರಬೇಕು ಎಂಬುದೇ ನಾನು ಕಲಿತದ್ದು.

ಯಾವ ಕಾರುಗಳ ಮಾತು

ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಭಾರತದಲ್ಲಿ ಬಿಡುಗಡೆಯಾದದ್ದು 2013ರ ಆಗಸ್ಟ್‌ನಲ್ಲಿ, 29.75 ಲಕ್ಷ ರೂಪಾಯಿಗೆ. ಜೋಡಿಸಿದ್ದು ನಮ್ಮ ಬಿಡದಿಯಲ್ಲೇ. ಅದರ ಎಂಜಿನ್ 2.5 ಲೀಟರ್‌ನ 2ಎಆರ್-ಎಫ್‌ಎಕ್ಸ್‌ಇ. 2017ರಲ್ಲಿ ಲೆಕ್ಸಸ್ ಭಾರತಕ್ಕೆ ಬಂದಾಗ 55.27 ಲಕ್ಷಕ್ಕೆ ಮಾರಿದ ಇಎಸ್ 300ಎಚ್ ಕಾರಿನ ಒಳಗೂ ಇದೇ ಎಂಜಿನ್, ಇದೇ ಬಗೆಯ ಹೈಬ್ರಿಡ್ ವ್ಯವಸ್ಥೆ. ಚರ್ಮದ ಸೀಟು, ಮರದ ಅಲಂಕಾರ, ನಿಶ್ಶಬ್ದ ಬೇರೆ. ಕೆಡುವ ಭಾಗಗಳು ಹೆಚ್ಚುಕಡಿಮೆ ಅವೇ. ಮುಂದಿನ ತಲೆಮಾರಿನಲ್ಲಿ (ಇಎಸ್ 2018ರಿಂದ, ಕ್ಯಾಮ್ರಿ 2019ರಿಂದ) ಎಂಜಿನ್ ಬದಲಾಯಿತು, ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಅಡಿಗೆ ಇಳಿಯಿತು. ಹುಡುಕುವ ಕ್ರಮ ಮಾತ್ರ ಇದೇ. 2020ರಲ್ಲಿ ಇಎಸ್ ಕೂಡ ಬಿಡದಿಯಲ್ಲೇ ಜೋಡಣೆಯಾಗತೊಡಗಿತು.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗ ಕೈಗೆಟಕುವುದು ಮುಖ್ಯವಾಗಿ 2013ರಿಂದ 2018ರವರೆಗಿನ ಕಾರುಗಳು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಹೈಬ್ರಿಡ್‌ಗೆ ಸೆಸ್ ಸೇರಿ ಶೇ 43ರ ತೆರಿಗೆ ಬಿದ್ದು ಹೊಸ ಕಾರಿನ ಬೆಲೆ ಏಕಾಏಕಿ ಏರಿತ್ತು. ಈಗ ಕಡಿಮೆ ಬೆಲೆಗೆ ಸಿಗುತ್ತಿರುವ ಕಾರುಗಳ ಬ್ಯಾಟರಿ ವಾರಂಟಿ ಮುಗಿದಿದೆ ಎಂದೇ ಭಾವಿಸಿ ಲೆಕ್ಕ ಹಾಕಿ. ಈ ಬರಹ ಅಂಥ ಕಾರನ್ನು ಕೊಂಡವರಿಗೆ, ಕೊಳ್ಳಲು ಹೊರಟವರಿಗೆ.

ಶುರು ಮಾಡುವ ಮುನ್ನ ಜೀವದ ಮಾತು. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಓಡುವುದು ಬ್ಯಾಟರಿಯ 244.8 ವೋಲ್ಟ್, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸುವ ಇನ್ವರ್ಟರ್ ಅದನ್ನು 650 ವೋಲ್ಟ್‌ವರೆಗೆ ಏರಿಸುತ್ತದೆ. ತರಬೇತಿ ಪಡೆದ ಮೆಕ್ಯಾನಿಕ್ ಕೂಡ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆದು, ಕನಿಷ್ಠ 10 ನಿಮಿಷ ಕಾದು, ವಿದ್ಯುತ್ ನಿರೋಧಕ ರಬ್ಬರ್ ಕೈಗವಸು ಹಾಕಿಕೊಂಡೇ ಕೈಯಿಡಬೇಕು, ಯಾಕೆಂದರೆ ಪ್ಲಗ್ ಎಳೆದ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಬರಿಗೈಯಲ್ಲಿ ಬ್ಯಾಟರಿ ಮುಚ್ಚಳ ಬಿಚ್ಚುವ ಹುಡುಗನನ್ನು ಕಂಡರೆ ಅವನನ್ನು ತಡೆಯಿರಿ, ಕಾರನ್ನು ಅಲ್ಲಿಂದ ವಾಪಸ್ ತನ್ನಿ. ಕೆಳಗೆ ನಿಮಗೆ ಮಾಡಲು ಹೇಳಿರುವ ಯಾವ ಪರೀಕ್ಷೆಗೂ ಕಿತ್ತಳೆ ಕೇಬಲ್ ಮುಟ್ಟಬೇಕಿಲ್ಲ.

ಮೊದಲ ಆರೋಪಿ: 12 ವೋಲ್ಟ್‌ನ ಬ್ಯಾಟರಿ

ಈ ಕಾರಿನಲ್ಲಿ ಎಂಜಿನ್ನಿನಿಂದ ತಿರುಗಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಇಲ್ಲ, ಮಾಮೂಲಿ ಸ್ಟಾರ್ಟರ್ ಮೋಟರೂ ಇಲ್ಲ. ಎಂಜಿನನ್ನು ತಿರುಗಿಸುವುದು ದೊಡ್ಡ ಬ್ಯಾಟರಿಯ ಬಲದಿಂದ ನಡೆಯುವ ಮೋಟರ್. ಹಾಗಾದರೆ ಚಿಕ್ಕ ಬ್ಯಾಟರಿಗೆ ಏನು ಕೆಲಸ? ಕಂಪ್ಯೂಟರ್‌ಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ರಿಲೇಗಳನ್ನು ಒತ್ತುವುದು. ಅದು ಸೊರಗಿದರೆ ಕಂಪ್ಯೂಟರ್‌ಗಳು ಅರೆನಿದ್ದೆಯಲ್ಲಿ ಎದ್ದು ಒಂದಕ್ಕೊಂದು ಸಂಬಂಧವಿಲ್ಲದ ದೂರು ಹೇಳತೊಡಗುತ್ತವೆ: ಬ್ರೇಕ್, ಸ್ಟೀರಿಂಗ್, ಹೈಬ್ರಿಡ್, ಎಲ್ಲವೂ ಒಟ್ಟಿಗೆ. ಒಂದೇ ಬೆಳಗ್ಗೆ ಐದು ದೀಪ ಹೊತ್ತಿದರೆ ಐದು ಭಾಗ ಕೆಟ್ಟಿರುವ ಸಾಧ್ಯತೆ ಕಡಿಮೆ. ಐದಕ್ಕೂ ಕರೆಂಟ್ ಕೊಡುವ ಒಂದು ಮೂಲ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು.

ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಕಾರಿನ 12 ವೋಲ್ಟ್ ಬ್ಯಾಟರಿಗೆ ಬೆಳಗ್ಗೆ ಮಲ್ಟಿಮೀಟರ್ ಹಿಡಿಯಿರಿ. 12.6ರ ಹತ್ತಿರ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮುಂದಿನ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿ. ಮೊದಲು ಚಾರ್ಜ್ ಮಾಡಿಸಿ ಅಥವಾ ಬದಲಿಸಿ. ಆಮೇಲೆ ಕಾರನ್ನು 'ರೆಡಿ' (ಓಡಲು ಸಿದ್ಧ) ಸ್ಥಿತಿಗೆ ತಂದು ಮತ್ತೆ ಅಳೆಯಿರಿ. 13.5ರಿಂದ 14.5ರ ನಡುವೆ ಬಂದರೆ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಚಾರ್ಜ್ ಹರಿಸುವ ಕನ್ವರ್ಟರ್ ಸರಿ ಇದೆ. ರೆಡಿಯಲ್ಲೂ 12ರ ಆಸುಪಾಸಿನಲ್ಲೇ ನಿಂತರೆ ತೊಂದರೆ ಕನ್ವರ್ಟರ್ ಕಡೆಗಿದೆ, ಹೊಸ ಚಿಕ್ಕ ಬ್ಯಾಟರಿ ಹಾಕಿದರೂ ಒಂದೆರಡು ದಿನದಲ್ಲಿ ಸಾಯುತ್ತದೆ.

ಚಿಕ್ಕ ಬ್ಯಾಟರಿ ಕೊಳ್ಳುವಾಗ ಒಂದು ಎಚ್ಚರ. ಅದು ಡಿಕ್ಕಿಯಲ್ಲಿ, ಅಂದರೆ ಜನ ಕೂರುವ ಜಾಗದ ಪಕ್ಕದಲ್ಲೇ ಇರುವುದರಿಂದ ಅನಿಲ ಹೊರಗೆ ಬಿಡುವ ಕೊಳವೆಯಿರುವ, ನೀರು ತುಂಬಬೇಕಿಲ್ಲದ ಎಜಿಎಂ ಬಗೆಯದೇ ಬೇಕು. ಅಂಗಡಿಯವರು 'ಇದೇ ಸೈಜು ಸಾರ್, ಅರ್ಧ ರೇಟು' ಎಂದು ಮಾಮೂಲಿ ನೀರು ತುಂಬುವ ಬ್ಯಾಟರಿ ಕೂರಿಸಿದ್ದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಸರಿಯಾದದ್ದಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಎತ್ತಿಟ್ಟುಕೊಳ್ಳಿ.

ದಾರಿಯಲ್ಲಿ ಚಿಕ್ಕ ಬ್ಯಾಟರಿ ಸತ್ತು ಡಿಕ್ಕಿಯೂ ತೆರೆಯದಿದ್ದರೆ ಬಾನೆಟ್ ಅಡಿಯ ಫ್ಯೂಸ್ ಪೆಟ್ಟಿಗೆಯಲ್ಲಿ ಜಂಪ್ ಸ್ಟಾರ್ಟ್‌ಗೆಂದೇ ಒಂದು ಪ್ಲಸ್ ಕೊಂಡಿ ಇದೆ. ಪ್ಲಸ್-ಮೈನಸ್ ಅದಲುಬದಲಾದರೆ ಕನ್ವರ್ಟರ್ ಸುಟ್ಟು ಲಕ್ಷದ ಬಾಬತ್ತು ಆಗಬಹುದು. ಹಾಗಾಗಿ ಆತುರದಲ್ಲಿರುವ ದಾರಿಹೋಕರ ಕೈಗೆ ಕೇಬಲ್ ಕೊಡಬೇಡಿ.

ಕೋಡ್ ಓದಿ, ಅಳಿಸಬೇಡಿ

ಚಿಕ್ಕ ಬ್ಯಾಟರಿ ಸರಿಯಿದ್ದೂ ತ್ರಿಕೋನ ಹೋಗದಿದ್ದರೆ ಈಗ ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದಬೇಕು. ಸ್ಟೀರಿಂಗ್ ಕೆಳಗಿನ, ದೋಷ ಪತ್ತೆಗೆಂದಿರುವ ಒಬಿಡಿ ಸಾಕೆಟ್‌ಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಸಾವಿರ-ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಮೊಬೈಲ್‌ನಲ್ಲಿ ಹೈಬ್ರಿಡ್ ವಿವರ ತೋರಿಸುವ 'ಡಾ. ಪ್ರಿಯಸ್'ನಂಥ ಆ್ಯಪ್ ಇದ್ದರೆ ಸಾಕು. ಬ್ರೇಕ್‌ನ ಕೋಡ್‌ಗಳಿಗೆ ಮತ್ತು ಉಪಕೋಡ್‌ಗಳಿಗೆ (ಕೋಡ್‌ನ ಜೊತೆ ಬರುವ ವಿವರದ ಸಂಖ್ಯೆಗಳಿಗೆ) ಮಾತ್ರ ಕಂಪನಿಯ ಸ್ಕ್ಯಾನರ್ ತಂತ್ರಾಂಶ ಟೆಕ್‌ಸ್ಟ್ರೀಮ್ ಬೇಕಾಗುತ್ತದೆ.

ಕೋಡ್ ಜೊತೆಗೆ ಆ ಕ್ಷಣದ ಚಿತ್ರವೂ ಉಳಿದಿರುತ್ತದೆ: ಆಗ ವೇಗ ಎಷ್ಟಿತ್ತು, ಬ್ಯಾಟರಿ ಎಷ್ಟು ಬಿಸಿಯಿತ್ತು, ಚಾರ್ಜ್ ಎಷ್ಟಿತ್ತು. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬಹಳ ಗ್ಯಾರೇಜ್‌ಗಳಲ್ಲಿ ಮೊದಲ ಕೆಲಸವೇ ಅಳಿಸುವುದು. ಫೋಟೋ ತೆಗೆದುಕೊಳ್ಳದೆ ಅಳಿಸಲು ಬಿಡಬೇಡಿ.

ಕೊಳ್ಳಲು ಹೋದಾಗ ಇದೇ ಅಡಾಪ್ಟರ್ ಇನ್ನೊಂದು ಸತ್ಯ ಹೇಳುತ್ತದೆ. 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಸಾಲು ಬಹುತೇಕ ಆ್ಯಪ್‌ಗಳಲ್ಲಿ ಇರುತ್ತದೆ. ಒಂದು ಲಕ್ಷ ಕಿ.ಮೀ. ಓಡಿದ ಕಾರಿನಲ್ಲಿ ಅದು 14 ಕಿ.ಮೀ. ಎಂದು ತೋರಿಸಿದರೆ ನಿನ್ನೆಯೋ ಇವತ್ತೋ ಯಾರೋ ಏನನ್ನೋ ಒರೆಸಿದ್ದಾರೆ. ಮಾರುವವರನ್ನು ನೇರವಾಗಿ ಕೇಳಿ. ಸಮಾಧಾನದ ಉತ್ತರ ಬಾರದಿದ್ದರೆ ಆ ಕಾರು ಬೇಡ.

ಬಿಸಿ ಮತ್ತು ದೂಳು

ದೊಡ್ಡ ಬ್ಯಾಟರಿಯ ಬಗ್ಗೆ ಪಿ0ಎ80 ಅಥವಾ ಪಿ3000 ಬಂದಿದ್ದರೂ ಹೊಸದಕ್ಕೆ ಆರ್ಡರ್ ಕೊಡುವ ಮುನ್ನ ಇನ್ನೊಂದು ಮೆಟ್ಟಿಲಿದೆ. ಈ ಬ್ಯಾಟರಿಯನ್ನು ತಂಪಾಗಿಡುವುದು ಕಾರಿನೊಳಗಿನ ಗಾಳಿ. ಹಿಂದಿನ ಸೀಟಿನ ಬಳಿ ಇರುವ ಒಂದು ಜಾಲರಿಯಿಂದ ಫ್ಯಾನ್ ಗಾಳಿ ಎಳೆದು ಬ್ಯಾಟರಿಯ ನಡುವೆ ಹಾಯಿಸುತ್ತದೆ. ಜಾಲರಿ ಎಲ್ಲಿದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಕಾರಿನ ಕೈಪಿಡಿಯಲ್ಲಿ ಚಿತ್ರವಿದೆ. ನಮ್ಮಲ್ಲಿ ಇಂಥ ಕಾರಿನ ಹಿಂದಿನ ಸೀಟು ಸಾಹೇಬರದು: ಶಾಲು, ದಿಂಬು, ಫೈಲು, ಲಗೇಜು ಎಲ್ಲ ಅಲ್ಲೇ. ಜಾಲರಿ ಮುಚ್ಚಿಹೋಗಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಜೊತೆಗೆ ನಮ್ಮ ರಸ್ತೆಗಳ ದೂಳು, ಸೀಟಿನ ನೂಲು, ಮನೆಯ ನಾಯಿಯ ಕೂದಲು ಸೇರಿ ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿಯಂತೆ ಕೂರುತ್ತವೆ.

ಹೀಗಾದಾಗ ಮೊದಲು ಕೇಳಿಸುವುದು ಸದ್ದು. ಸೀಟಿನ ಹಿಂದಿನಿಂದ ಹೇರ್ ಡ್ರೈಯರ್‌ನಂಥ ಸದ್ದು ಬಂದರೆ ಬ್ಯಾಟರಿ ಬಿಸಿಯಾಗಿದೆ, ಫ್ಯಾನ್ ಪೂರ್ತಿ ವೇಗದಲ್ಲಿದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಸ್ವಲ್ಪ ಹೊತ್ತು ಬಂದರೆ ಸಹಜ. ಎಸಿ ಹಾಕಿ ಅರ್ಧ ಗಂಟೆ ಓಡಿಸಿದ ಮೇಲೂ ಬರುತ್ತಿದ್ದರೆ ಸಹಜವಲ್ಲ. ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಏಪ್ರಿಲ್-ಮೇಯ 40 ಡಿಗ್ರಿ ಬಿಸಿಲಲ್ಲಿ ಮೈಲೇಜ್ ಉಳಿಸಲೆಂದು ಎಸಿ ಆರಿಸಿ ಕಿಟಕಿ ತೆರೆದು ಓಡಿಸುವವರು ಬ್ಯಾಟರಿಗೆ ಬಿಸಿಗಾಳಿ ಕುಡಿಸುತ್ತಿದ್ದಾರೆ. ಈ ಕಾರಿನಲ್ಲಿ ಎಸಿ ಬ್ಯಾಟರಿಯ ಔಷಧಿಯೂ ಹೌದು.

ಪಿ0ಎ81 ಅಥವಾ ಪಿ0ಎ82 ಬಂದರೆ ನೇರವಾಗಿ ಈ ಫ್ಯಾನಿನ ಕಡೆಗೇ ಬೊಟ್ಟು. ಸೀಟು ಬಿಚ್ಚಿ ಫ್ಯಾನ್ ಹೊರತೆಗೆದು ಬ್ರಷ್‌ನಿಂದ ಉಜ್ಜಿ ಮತ್ತೆ ಕೂರಿಸುವುದು ಅರ್ಧ ದಿನದ ಕೆಲಸ, ಕೆಲವು ಸಾವಿರದ ಕೂಲಿ. ಹಳೆಯ ಕಾರು ಕೊಂಡ ಮೊದಲ ತಿಂಗಳಲ್ಲೇ, ಕೋಡ್ ಬರಲಿ ಬಾರದಿರಲಿ, ಇದನ್ನು ಮಾಡಿಸಿ. ಹಾಕಿದ ದುಡ್ಡಿಗೆ ಇಷ್ಟು ಫಲ ಕೊಡುವ ಬೇರೆ ಕೆಲಸ ಈ ಕಾರಿನಲ್ಲಿಲ್ಲ.

ದೊಡ್ಡ ಬ್ಯಾಟರಿಯ ನಾಡಿ ನೋಡುವುದು

ಈಗ ನಿಜವಾದ ಪರೀಕ್ಷೆ. 244.8 ವೋಲ್ಟ್ ಎಂಬ ಲೆಕ್ಕ ಹೇಗೆ ಬಂತು ಎಂದು ತಿಳಿದರೆ ಪರೀಕ್ಷೆ ತಾನಾಗಿ ಅರ್ಥವಾಗುತ್ತದೆ. ಒಳಗಿರುವುದು ನಿಕ್ಕಲ್-ಮೆಟಲ್ ಹೈಡ್ರೈಡ್ ಬಗೆಯ 204 ಸೆಲ್‌ಗಳು, ಒಂದೊಂದೂ 1.2 ವೋಲ್ಟ್. ಆರು ಸೆಲ್‌ಗೆ ಒಂದು ಮಾಡ್ಯೂಲ್, ಹಾಗೆ 34 ಮಾಡ್ಯೂಲ್. ಎರಡೆರಡು ಮಾಡ್ಯೂಲ್ ಸೇರಿ ಒಂದು ಬ್ಲಾಕ್, ಒಟ್ಟು 17. ಕಂಪ್ಯೂಟರ್ ಕಣ್ಣಿಡುವುದು ಈ 17 ಬ್ಲಾಕ್‌ಗಳ ಮೇಲೆ. ಎಲ್ಲವೂ ಸರಪಳಿಯಂತೆ ಒಂದರ ಹಿಂದೆ ಒಂದು, ಆದ್ದರಿಂದ ಒಂದು ಕೊಂಡಿ ಸಡಿಲಾದರೆ ಇಡೀ ಬ್ಯಾಟರಿ ಕುಂಟುತ್ತದೆ.

ಆ್ಯಪ್‌ನಲ್ಲಿ 17 ಬ್ಲಾಕ್‌ಗಳ ವೋಲ್ಟೇಜನ್ನೂ ಒಟ್ಟಿಗೆ ನೋಡಬಹುದು. ಕಾರು ನಿಂತಿದ್ದಾಗ ಹೆಚ್ಚುಕಡಿಮೆ ಎಲ್ಲವೂ ಒಂದೇ ಸಮ ಕಾಣುತ್ತವೆ. ರೋಗಿಯೂ ಮಲಗಿದ್ದಾಗ ಆರೋಗ್ಯವಂತನಂತೆ ಕಾಣುತ್ತಾನಲ್ಲ, ಹಾಗೆ. ಭಾರ ಹೊರಿಸಿದಾಗ ಬಣ್ಣ ಬಯಲಾಗುತ್ತದೆ. ಬೆಂಗಳೂರಿನವರಾದರೆ ನಂದಿಬೆಟ್ಟದ ಏರಿನಲ್ಲಿ, ಮೈಸೂರಿನವರಾದರೆ ಚಾಮುಂಡಿಬೆಟ್ಟದಲ್ಲಿ, ಜೊತೆಗೊಬ್ಬರನ್ನು ಕೂರಿಸಿಕೊಂಡು ಅವರ ಕೈಗೆ ಮೊಬೈಲ್ ಕೊಟ್ಟು ಓಡಿಸಿ. ಏರುವಾಗ ಕೆಳಗೆ ಬೀಳುವ ಬ್ಲಾಕ್ ಯಾವುದು, ಇಳಿಯುವಾಗ ಬ್ರೇಕಿನ ಚಾರ್ಜ್ ಬರುತ್ತಿರುವಾಗ ಎಲ್ಲರಿಗಿಂತ ಮೊದಲು ಮೇಲೆ ಜಿಗಿಯುವ ಬ್ಲಾಕ್ ಯಾವುದು ಎಂದು ಬರೆದುಕೊಳ್ಳಲಿ. ಎರಡೂ ಸಲ ಅದೇ ಬ್ಲಾಕ್ ಆದರೆ ಅದೇ ದುರ್ಬಲ ಕೊಂಡಿ. ಒಂದು ಸೆಲ್ ಪೂರ್ತಿ ಸತ್ತರೆ ಆ ಬ್ಲಾಕ್ ಉಳಿದವಕ್ಕಿಂತ 1.2 ವೋಲ್ಟ್ ಕೆಳಗಿರಬೇಕು ತಾನೆ? ಆದ್ದರಿಂದ ಭಾರ ಬಿದ್ದಾಗ ಒಂದು ಬ್ಲಾಕ್ ಮತ್ತೆ ಮತ್ತೆ ಒಂದು ವೋಲ್ಟ್‌ಗಿಂತ ಹೆಚ್ಚು ಹಿಂದೆ ಬಿದ್ದರೆ ಬ್ಯಾಟರಿ ದಿನ ಎಣಿಸುತ್ತಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ. ಎಲ್ಲ 17ರ ವ್ಯತ್ಯಾಸವೂ 0.3-0.4 ವೋಲ್ಟ್‌ನೊಳಗೆ ಇದ್ದರೆ ಧೈರ್ಯವಾಗಿರಿ.

ಅಡಾಪ್ಟರ್ ಇಲ್ಲದವರಿಗೂ ಒಂದು ದಾರಿಯಿದೆ. ತೆರೆದ ಜಾಗದಲ್ಲಿ ಕಾರನ್ನು ಪಾರ್ಕ್‌ನಲ್ಲಿಟ್ಟು, ರೆಡಿ ಮಾಡಿ, ಎಸಿ ಪೂರ್ತಿ ಹಾಕಿ ಕಾದು ಕೂರಿ. ಎಸಿ ಓಡುವುದು ದೊಡ್ಡ ಬ್ಯಾಟರಿಯಿಂದ. ಚಾರ್ಜ್ ಕೆಳಗಿಳಿದಾಗ ಎಂಜಿನ್ ತಾನಾಗಿ ಎದ್ದು ತುಂಬಿಸುತ್ತದೆ, ಮತ್ತೆ ಮಲಗುತ್ತದೆ. ಎಂಜಿನ್ ಎರಡು ಸಲ ಏಳುವುದರ ನಡುವಿನ ಹೊತ್ತು ಅಳೆಯಿರಿ. ಹತ್ತು ನಿಮಿಷದ ಆಸುಪಾಸು ಇದ್ದರೆ ಚಿಂತೆಯಿಲ್ಲ. ಎರಡೆರಡು ನಿಮಿಷಕ್ಕೆ ಏಳುತ್ತಿದ್ದರೆ ಬ್ಯಾಟರಿಯೆಂಬ ಬಿಂದಿಗೆಯ ಹೊಟ್ಟೆ ಚಿಕ್ಕದಾಗಿದೆ, ಚಾರ್ಜ್ ಹಿಡಿಯುತ್ತಿಲ್ಲ. ಪರದೆಯ ಚಾರ್ಜ್ ಗೆರೆಗಳು ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತುಂಬಿ, ಬರಿದಾಗಿ, ಮತ್ತೆ ತುಂಬುತ್ತಿದ್ದರೂ ಅದೇ ಅರ್ಥ. ಆರೋಗ್ಯವಂತ ಬ್ಯಾಟರಿಯನ್ನು ಕಾರು ಸುಮಾರು ಶೇ 60ರ ಆಸುಪಾಸಿನಲ್ಲಿ ಇಟ್ಟುಕೊಳ್ಳಲು ನೋಡುತ್ತದೆ, ಏರಿಳಿತ ನಿಧಾನ.

ಎರಡು ಚಾಳಿ ಬಿಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಕೂರುವುದು ಗೇರ್ ಕಾರಿನಿಂದ ಬಂದ ಅಭ್ಯಾಸ. ಈ ಕಾರು ನ್ಯೂಟ್ರಲ್‌ನಲ್ಲಿದ್ದರೆ ಬ್ಯಾಟರಿಗೆ ಚಾರ್ಜ್ ಆಗುವುದೇ ಇಲ್ಲ, ಎಸಿ ಮಾತ್ರ ಹೀರುತ್ತಿರುತ್ತದೆ. ಇನ್ನೊಂದು, ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಲ್ಲಿಸುವುದು. ವಿದೇಶಕ್ಕೆ ಹೋಗುವವರು ಯಾರಿಗಾದರೂ ಕೀ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ ಹೋಗಲಿ.

ಬ್ಯಾಟರಿ ನಿಜವಾಗಿ ಹೋಗಿದ್ದರೆ ದಾರಿ ಮೂರು. ಹೊಸ ಬ್ಯಾಟರಿಗೆ ಅಧಿಕೃತ ಸರ್ವಿಸ್ ಸೆಂಟರ್‌ನಿಂದ ಭಾಗದ ಸಂಖ್ಯೆ ಸಹಿತ ಬರಹದಲ್ಲಿ ಬೆಲೆ ಪಡೆಯಿರಿ. ಎರಡು ಲಕ್ಷಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ ಎಂದು ಕನಸು ಕಾಣಬೇಡಿ, ಮೂರು-ನಾಲ್ಕಕ್ಕೂ ಸಿದ್ಧರಿರಿ. ಅಮೆರಿಕದಲ್ಲಿರುವ ನಮ್ಮವರಿಗೆ ಇದೇ ಕೆಲಸ ಎರಡರಿಂದ ಐದು ಸಾವಿರ ಡಾಲರ್‌ನ ನಡುವೆ ಬೀಳುವುದು ಸಾಮಾನ್ಯ. ಎರಡನೆಯದು ಅಪಘಾತದ ಕಾರಿನಿಂದ ಬಿಚ್ಚಿದ ಬ್ಯಾಟರಿ. 17 ಬ್ಲಾಕ್ ಪರೀಕ್ಷೆ ನಿಮ್ಮ ಕಣ್ಣೆದುರಿಗೆ ಆದರೆ ಮಾತ್ರ ಅದನ್ನು ಒಪ್ಪಿ. ಮೂರನೆಯದು ಕೆಟ್ಟ ಒಂದೆರಡು ಮಾಡ್ಯೂಲ್ ಮಾತ್ರ ಬದಲಿಸುವುದು. ಇದು ಹಳೆ ಪಂಚೆಗೆ ಹೊಸ ತೇಪೆ. ಹತ್ತು ವರ್ಷ ಸವೆದ 32ರ ನಡುವೆ ಎರಡು ಗಟ್ಟಿ ಮಾಡ್ಯೂಲ್ ಕೂರಿಸಿದರೆ ಭಾರ ಮುಂದಿನ ದುರ್ಬಲನ ಮೇಲೆ ಬೀಳುತ್ತದೆ. ಆರು ತಿಂಗಳಿಗೆ ಮತ್ತೆ ತ್ರಿಕೋನ. ಕಾರು ಮಾರುವವರಿಗೆ ಇದು ಅನುಕೂಲ, ಇಟ್ಟುಕೊಳ್ಳುವವರಿಗೆ ಅಲ್ಲ. ಕೊಳ್ಳುವ ಕಾರಿನಲ್ಲಿ 'ಬ್ಯಾಟರಿ ಹೊಸದು ಸಾರ್' ಎಂದರೆ ಬಿಲ್ ತೋರಿಸಲು ಕೇಳಿ. ಬಿಲ್ ಇಲ್ಲದ ಹೊಸ ಬ್ಯಾಟರಿ ಬಹುಪಾಲು ಈ ತೇಪೆಯೇ.

ಎಸಿ ಆಯಿಲ್‌ನಿಂದ ಹುಟ್ಟುವ ದೊಡ್ಡ ದೋಷ

ಪಿ0ಎಎ6 ಎಂಬ ಕೋಡ್ ಬಂದರೆ ಹೈವೋಲ್ಟೇಜ್ ವ್ಯವಸ್ಥೆಯಿಂದ ಕಾರಿನ ಮೈಗೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂದರ್ಥ. ಓಡುತ್ತಿರುವಾಗ ಬಂದರೆ ಮನೆ ತಲುಪಬಹುದು, ಆರಿಸಿದ ಮೇಲೆ ಮತ್ತೆ ರೆಡಿ ಆಗದಿರಬಹುದು. ಇಲ್ಲಿ ಉಪಕೋಡ್ ಮುಖ್ಯ. 611 ಬಂದರೆ ಎಸಿ ಕಂಪ್ರೆಸರ್ ಕಡೆ, 612 ಬಂದರೆ ಬ್ಯಾಟರಿ ಪೆಟ್ಟಿಗೆ, 613 ಬಂದರೆ ಮೋಟರ್‌ಗಳಿರುವ ಗೇರ್‌ಬಾಕ್ಸ್, 614 ಬಂದರೆ ಇನ್ವರ್ಟರ್ ಮತ್ತು ಕೇಬಲ್‌ಗಳ ಕಡೆ. 526 ಒಂದೇ ಇದ್ದರೆ ಜಾಗ ಇನ್ನೂ ಗೊತ್ತಾಗಿಲ್ಲ, ಪರೀಕ್ಷೆ ಮುಂದುವರಿಸಬೇಕು.

611ರ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಈ ದೋಷವನ್ನು ಎಷ್ಟೋ ಸಲ ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳುತ್ತೇವೆ. ಈ ಕಾರಿನ ಎಸಿ ಕಂಪ್ರೆಸರ್ ಬೆಲ್ಟ್‌ನಿಂದ ತಿರುಗುವುದಿಲ್ಲ. ಅದರ ಹೊಟ್ಟೆಯಲ್ಲೇ ಹೈವೋಲ್ಟೇಜ್ ಮೋಟರ್ ಇದೆ, ಆ ಮೋಟರ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಆದ್ದರಿಂದ ಕರೆಂಟ್ ಹರಿಯಗೊಡದ ಎನ್‌ಡಿ-11 ಆಯಿಲ್ಲೇ ಬೇಕು. ಮಾಮೂಲಿ ಕಾರುಗಳ ಪಿಎಜಿ ಆಯಿಲ್ ಸ್ವಲ್ಪ ಬೆರೆತರೂ ಮೋಟರಿನ ನಿರೋಧಕ ಗುಣ ಕುಸಿಯುತ್ತದೆ. 'ಎಸಿ ಕೂಲಿಂಗ್ ಕಡಿಮೆ' ಎಂದು ರಸ್ತೆ ಬದಿಯ ಎಸಿ ಅಂಗಡಿಗೆ ಹೋದರೆ ಗ್ಯಾಸ್ ಜೊತೆಗೆ ಆ ಆಯಿಲ್ಲನ್ನೂ ಒತ್ತಿಬಿಡುತ್ತಾರೆ. ಹಿಂದಿನ ಕಾರಿಗೆ ಬಳಸಿದ ಪೈಪ್‌ಗಳಲ್ಲಿ ಉಳಿದದ್ದೂ ಸಾಕು. ಆಮೇಲೆ ಕಂಪ್ರೆಸರ್ ಬದಲಿಸಿ, ಇಡೀ ಎಸಿ ವ್ಯವಸ್ಥೆಯನ್ನು ತೊಳೆಯಬೇಕಾಗುತ್ತದೆ, ಖರ್ಚು ಲಕ್ಷದ ಹತ್ತಿರ ಹೋಗಬಹುದು. ಎಸಿಗೆ ಕೈಹಾಕಿಸುವ ಮುನ್ನ ಒಂದೇ ಮಾತು ಕೇಳಿ: 'ಅಣ್ಣ, ಹೈಬ್ರಿಡ್ ಆಯಿಲ್ ಬೇರೆ, ಮೆಷಿನ್ ಬೇರೆ ಇಟ್ಟಿದ್ದೀರಾ?'

612 ಬಂದರೆ ನೀರಿನ ಕಥೆ ವಿಚಾರಿಸಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಸಾಲಾಗಿ ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಹಾಗೆ ಮುಳುಗಿ ಎದ್ದ ಕಾರು ತೊಳೆದು ಒರೆಸಿ ಬೇರೆ ಊರಿಗೆ ಹೋಗಿ ನಿಂತರೆ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಗುಂಡಿಯಲ್ಲಿ ತುಕ್ಕು, ಕೆಸರು ಹುಡುಕಿ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಇದ್ದ ಕಾರಿನಲ್ಲಿ ಮಾಡ್ಯೂಲ್‌ಗಳನ್ನು ಬೆಸೆಯುವ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು ಕೂತಿರಬಹುದು. ಅದೊಂದನ್ನೇ ಬಿಚ್ಚಿ ತಿಕ್ಕಿಸಿದ್ದರಿಂದ ಬ್ಯಾಟರಿ ಚೇತರಿಸಿಕೊಂಡದ್ದೂ ಇದೆ. ಮುಳುಗಿದ ಹೈಬ್ರಿಡ್ ಮಾತ್ರ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಬ್ರೇಕ್

ಹಣಕ್ಕಿಂತ ಜೀವಕ್ಕೆ ಹತ್ತಿರದ ಭಾಗವಿದು. ಈ ಕಾರಿನ ಬ್ರೇಕಿಗೆ ಎಂಜಿನ್ನಿನ ನಿರ್ವಾತದ ಸಹಾಯವಿಲ್ಲ. ಒಂದು ಪಂಪು ಎಣ್ಣೆಯನ್ನು ಒತ್ತಡದಲ್ಲಿ ತುಂಬಿಟ್ಟುಕೊಂಡಿರುತ್ತದೆ, ಪೆಡಲ್ ಒತ್ತಿದಾಗ ಆ ಒತ್ತಡ ಬಳಕೆಯಾಗುತ್ತದೆ. ಡ್ರೈವರ್ ಬಾಗಿಲು ತೆರೆದಾಗ ಕೆಲವು ಸೆಕೆಂಡ್ 'ಝುಂಯ್' ಎಂದು ಕೇಳಿಸುವುದು ಆ ಪಂಪು, ಅದು ಸರಿ. ಪರೀಕ್ಷೆ ಹೀಗೆ: ಸಮತಟ್ಟಾದ ಜಾಗದಲ್ಲಿ ಕಾರು ರೆಡಿ ಮಾಡಿ, ಪಾರ್ಕ್‌ನಲ್ಲಿಟ್ಟು, ಎಸಿ-ಹಾಡು ಎಲ್ಲ ಆರಿಸಿ, ಪೆಡಲ್ ಮುಟ್ಟದೆ ಕೂರಿ. ಪಂಪು ಸುಮ್ಮನಿರಬೇಕು. ಪೆಡಲ್ ಮುಟ್ಟದಿದ್ದರೂ ಕೆಲವು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಓಡುತ್ತಿದ್ದರೆ ಒಳಗೆ ಒತ್ತಡ ಸೋರುತ್ತಿದೆ. ಇದರ ಮುಂದಿನ ಹಂತದಲ್ಲಿ ಎಬಿಎಸ್, ಬ್ರೇಕ್ ದೀಪಗಳು ಹೊತ್ತಿ ಎಡೆಬಿಡದ ಬೀಪ್ ಸದ್ದು ಬರುತ್ತದೆ. ಕೋಡ್ ಓದಿದರೆ ಸಿ1391, ಸಿ1252, ಸಿ1253 ಅಥವಾ ಸಿ1256. ಪೆಡಲ್ ಗಟ್ಟಿಯಾಗಿ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಬೀಪ್ ಬಂದ ಕಾರನ್ನು ಓಡಿಸಬೇಡಿ, ಟೋ ಮಾಡಿಸಿ.

ಅಮೆರಿಕದಲ್ಲಿ 2010-15ರ ಪ್ರಿಯಸ್ (ಟೊಯೊಟಾದ ಇನ್ನೊಂದು ಹೈಬ್ರಿಡ್) ಕಾರುಗಳಿಗೂ 2012-14ರ ಕ್ಯಾಮ್ರಿ ಹೈಬ್ರಿಡ್‌ಗಳಿಗೂ ಇದೇ ಕೋಡ್‌ಗಳ ಮೇಲೆ ಟೊಯೊಟಾ ವಾರಂಟಿ ವಿಸ್ತರಿಸಿತ್ತು. ಅಲ್ಲಿರುವವರು ಕಾರಿನ ಚಾಸಿ ನಂಬರ್ ಕೊಟ್ಟು ಡೀಲರ್ ಹತ್ತಿರ ವಿಚಾರಿಸಿಯೇ ದುಡ್ಡು ಬಿಚ್ಚಲಿ. ಇಲ್ಲಿ ಪೂರ್ತಿ ಘಟಕ ಬದಲಿಸಬೇಕಾದರೆ ಲಕ್ಷ ದಾಟುತ್ತದೆ ಎಂದು ಇಟ್ಟುಕೊಳ್ಳಿ. ಬ್ರೇಕ್ ಆಯಿಲ್‌ನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ಕೂಡ ಕಂಪನಿಯ ಸ್ಕ್ಯಾನರ್ ಬೇಕು, ಹಳೆಯ ಪದ್ಧತಿಯಲ್ಲಿ ಪೆಡಲ್ ಒತ್ತಿ ಒತ್ತಿ ಆಗುವ ಕೆಲಸವಲ್ಲ. ಬ್ರೇಕ್ ಆಯಿಲ್ಲನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬೇಡಿ. ಮೋಟರೇ ಹೆಚ್ಚಿನ ಬ್ರೇಕ್ ಕೆಲಸ ಮಾಡುವುದರಿಂದ ಪ್ಯಾಡ್‌ಗಳು ಬೇಗ ಸವೆಯುವುದಿಲ್ಲ, ಆ ಕಾರಣಕ್ಕೇ ಯಾರೂ ಚಕ್ರ ಬಿಚ್ಚುವುದಿಲ್ಲ, ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್‌ಗಳು ಒಣಗಿ ಹಿಡಿದುಕೊಳ್ಳುತ್ತವೆ. ವರ್ಷಕ್ಕೊಮ್ಮೆ ಗ್ರೀಸ್ ಹಾಕಿಸಿ.

ಕೂಲೆಂಟ್ ಮತ್ತು ಬೆಳಗಿನ ನಡುಕ

ಬಾನೆಟ್ ಅಡಿ ಎರಡು ಕೂಲೆಂಟ್ ಡಬ್ಬಿಗಳಿವೆ: ಎಂಜಿನ್ನಿಗೊಂದು, ಇನ್ವರ್ಟರ್‌ಗೊಂದು. ಕಾರು ರೆಡಿಯಲ್ಲಿರುವಾಗ ಇನ್ವರ್ಟರ್ ಡಬ್ಬಿಯ ಒಳಗೆ ಟಾರ್ಚ್ ಹಿಡಿದು ನೋಡಿ, ಕೂಲೆಂಟ್ ಸುಳಿಯುತ್ತಿರಬೇಕು. ಸುಮ್ಮನೆ ನಿಂತಿದ್ದರೆ ಪಂಪು ನಿಂತಿದೆ. ಪಿ0ಎ93 ಬರುವುದು ಹೀಗೆ. ಪಂಪಿನ ಬೆಲೆ ಸಾವಿರಗಳಲ್ಲಿ, ಅದನ್ನು ಅಲಕ್ಷಿಸಿ ಸುಟ್ಟ ಇನ್ವರ್ಟರ್‌ನ ಬೆಲೆ ಲಕ್ಷಗಳಲ್ಲಿ. ಎರಡಕ್ಕೂ ಗುಲಾಬಿ ಬಣ್ಣದ ಟೊಯೊಟಾ ಕೂಲೆಂಟ್ ಮಾತ್ರ. ಬೋರ್‌ವೆಲ್ ನೀರು ಹಾಕಿದ ಡಬ್ಬಿಯ ಅಂಚಿನಲ್ಲಿ ಬಿಳಿ ಉಪ್ಪಿನ ಪದರ ಕಾಣುತ್ತದೆ.

2ಎಆರ್-ಎಫ್‌ಎಕ್ಸ್‌ಇ ಎಂಜಿನ್ನಿನ ನೀರಿನ ಪಂಪೂ ವಿದ್ಯುತ್ತಿನದೇ, ಬೆಲ್ಟ್ ಇಲ್ಲ. ಪಿ261ಬಿ ಕೋಡ್ ಬಂದರೆ ಅದರ ಸರದಿ. ಬಿಸಿ ಏರಿದ ಕಾರನ್ನು ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ-ಕೆಳಭಾಗದ ನಡುವಿನ ಸೀಲು) ಹೋಗಬಹುದು. ಬೆಳಗ್ಗೆ ಮೊದಲ ಸಲ ಎಂಜಿನ್ ಎದ್ದಾಗ ಕೆಲವು ಸೆಕೆಂಡ್ ಕಾರು ಗಡಗಡ ನಡುಗಿ ಆಮೇಲೆ ಸರಿಹೋಗುತ್ತಿದ್ದರೆ, ಇಂಧನ ಸರಿಯಾಗಿ ಉರಿಯುತ್ತಿಲ್ಲ ಎನ್ನುವ ಪಿ0300 ಸಾಲಿನ ಕೋಡ್ ಇದ್ದರೆ, ಕೂಲೆಂಟ್ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು ಎರಡು ವಾರ ಬಿಡಿ. ಇಳಿದಿದ್ದರೆ ಗ್ಯಾಸ್ಕೆಟ್ ಅನುಮಾನ. ಇಳಿಯದಿದ್ದರೆ ಮೊದಲು ಪ್ಲಗ್, ಕಾಯಿಲ್ ನೋಡಿಸಿ, ಆಮೇಲೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ, ಮಸಿ ಕಟ್ಟಿದ ಇಜಿಆರ್ ದಾರಿಯನ್ನು ತೊಳೆಸಿ. ಈ ನಡುಕವನ್ನು ಗೇರ್‌ಬಾಕ್ಸ್ ದೋಷ ಎಂದು ಹೇಳಿದರೆ ನಂಬಬೇಡಿ. ಇದರ ಗೇರ್‌ಬಾಕ್ಸ್‌ನಲ್ಲಿ ಕ್ಲಚ್ಚೂ ಇಲ್ಲ, ಬೆಲ್ಟೂ ಇಲ್ಲ, ಲಕ್ಷ ಕಿ.ಮೀ.ಗೊಮ್ಮೆ ಟೊಯೊಟಾದ ಡಬ್ಲ್ಯುಎಸ್ ಗೇರ್‌ಬಾಕ್ಸ್ ಆಯಿಲ್ ಹೊಸದಾಗಿ ಹಾಕಿಸಿದರೆ ಇಡೀ ಕಾರಿನಲ್ಲಿ ಅತ್ಯಂತ ಗಟ್ಟಿ ಭಾಗ ಅದೇ.

ಇಲಿಗಳ ಬಗ್ಗೆ ಒಂದು ಸಾಲು: ನಿಂತ ಕಾರಿನಲ್ಲಿ ಬಂದುಹೋಗುವ, ಹಿಡಿತಕ್ಕೆ ಸಿಗದ ಕೋಡ್‌ಗಳಿಗೆ ಕಡಿದ ವೈರ್ ಕಾರಣವಾಗಿರುವುದು ನಮ್ಮಲ್ಲಿ ತೀರ ಸಾಮಾನ್ಯ. ಕಂಪ್ಯೂಟರ್ ಬದಲಿಸಲು ಒಪ್ಪುವ ಮುನ್ನ ಬಾನೆಟ್ ಅಡಿಯ ಮುಚ್ಚಳಗಳನ್ನು ತೆಗೆಸಿ ಹಿಕ್ಕೆ ಹುಡುಕಿ.

ಬೆಲೆ ಕಟ್ಟುವುದು

ಕೊಳ್ಳುವವರು ಈ ಪರೀಕ್ಷೆಗಳನ್ನೆಲ್ಲ ಮುಗಿಸಿ ಕೂತಾಗ ನಾನು ಹೇಳುವ ಲೆಕ್ಕ ಇದು. ಹತ್ತು ವರ್ಷ ದಾಟಿದ ಕಾರಿನಲ್ಲಿ ದೊಡ್ಡ ಬ್ಯಾಟರಿ ಮೂಲದ್ದೇ ಆಗಿದ್ದರೆ, ಪರೀಕ್ಷೆಯಲ್ಲಿ ಗೆದ್ದಿದ್ದರೂ, ಹೊಸ ಬ್ಯಾಟರಿಯ ಅರ್ಧ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆಯಿರಿ. ಒಂದು ಬ್ಲಾಕ್ ಹಿಂದೆ ಬಿದ್ದಿದ್ದರೆ ಪೂರ್ತಿ ಬೆಲೆ ಕಳೆಯಿರಿ. ಬ್ರೇಕ್ ಪಂಪು ಆಗಾಗ ಓಡುತ್ತಿದ್ದರೆ ಇನ್ನೊಂದು ಲಕ್ಷ. ಫ್ಯಾನ್ ತೊಳೆಯುವುದು, ಚಿಕ್ಕ ಬ್ಯಾಟರಿ, ಎಲ್ಲ ಆಯಿಲ್-ಕೂಲೆಂಟ್ ಬದಲಾವಣೆಗೆ ಐವತ್ತು ಸಾವಿರ ಬೇರೆ ಎತ್ತಿಡಿ. ಇಷ್ಟು ಕಳೆದ ಮೇಲೂ ಮಾರುವವರು ಒಪ್ಪಿದರೆ ಕಾರು ನಿಮ್ಮದು. 'ಮೈಲೇಜ್ 19 ಕೊಡುತ್ತೆ, ಬ್ಯಾಟರಿ ಲೈಫ್‌ಟೈಮ್' ಎಂದು ಬೆಲೆ ಇಳಿಸದಿದ್ದರೆ ಕೈಕುಲುಕಿ ಬನ್ನಿ. 19.16 ಎಂಬುದು ಪ್ರಯೋಗಾಲಯದ ಅಂಕಿ, ಊರೊಳಗೆ 12-15 ಬಂದರೆ ಕಾರು ಸರಿಯಿದೆ.

ಮತ್ತೆ, ಹಣ ಕೊಡುವ ದಿನದ ಬೆಳಗ್ಗೆ ಒಂದು ಕೆಲಸ ಉಳಿದಿದೆ. ಹಿಂದಿನ ರಾತ್ರಿಯಿಂದ ಯಾರೂ ಸ್ಟಾರ್ಟ್ ಮಾಡಿರಬಾರದು ಎಂದು ಮಾರುವವರಿಗೆ ಮೊದಲೇ ಹೇಳಿಡಿ. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ತಣ್ಣಗಿದ್ದರೆ ಅಡಾಪ್ಟರ್ ಸಿಕ್ಕಿಸಿ ಶುರು ಮಾಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಹೊರಡಿ.